ಬಾಗಿಲ ಪಕ್ಕದ ಸ್ಪೀಕರ್

ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಸುವವರು ಹಣವನ್ನೂ ಮಾತನ್ನೂ ಹೆಚ್ಚಾಗಿ ಮುಂದಿನ ಮೂರು ಸ್ಪೀಕರ್‌ಗಳಿಗೇ ಮೀಸಲಿಡುತ್ತಾರೆ. ಅದರಲ್ಲಿ ತಪ್ಪಿಲ್ಲ. ಸಂಭಾಷಣೆಯೂ ಹಾಡಿನ ಬಹುಪಾಲೂ ಬರುವುದು ಅವುಗಳಿಂದಲೇ. ಆದರೆ ಪಕ್ಕದ ಎರಡು ಸ್ಪೀಕರ್‌ಗಳ ಮಾತು ಬಂದಾಗ ‘ಯಾವುದಾದರೂ ಚಿಕ್ಕದು ಹಾಕಿದರಾಯಿತು’ ಎಂದು ಮುಗಿಸಿಬಿಡುತ್ತಾರೆ. ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಈ ಕೆಲಸ ಹಿಡಿದಾಗ ನನ್ನ ಹೆಚ್ಚಿನ ಹೊತ್ತು ಹೋದದ್ದು ಆ ಎರಡು ಸ್ಪೀಕರ್‌ಗಳಿಗೇ. ಅವುಗಳ ಆಯ್ಕೆಯನ್ನು ಅಂಗಡಿಯಿಂದ ಶುರು ಮಾಡಬಾರದು. ಗೋಡೆ, ಬಾಗಿಲು, ಸೋಫಾ ಈ ಮೂರರಿಂದ ಶುರು ಮಾಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಡಿದ್ದನ್ನೆಲ್ಲ ಅಳತೆಯ ಸಮೇತ ಇಲ್ಲಿ ಬರೆದಿದ್ದೇನೆ. ಇಂಥದೇ ಕೋಣೆಯಿರುವವರಿಗೆ ನೇರವಾಗಿ ಉಪಯೋಗಕ್ಕೆ ಬರಲಿ.

ಕೋಣೆ 15 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್. ಟಿವಿ ಚಿಕ್ಕ ಗೋಡೆಯ ಮೇಲಿದೆ. ಎಡಗೋಡೆಯ ನಡುವೆ ಒಂದು ಕಿಟಕಿ. ತೊಡಕು ಇರುವುದು ಬಲಗೋಡೆಯಲ್ಲಿ: ಹಿಂಗೋಡೆಯಿಂದ ಒಂದಡಿ ಬಿಟ್ಟು ಮೂರಡಿ ಅಗಲದ ಬಾಗಿಲು. ಮನೆ ಕಟ್ಟುವಾಗ ಇಲ್ಲಿ ಸಿನಿಮಾ ನೋಡುತ್ತೇವೆ ಎಂದು ಯಾರೂ ಎಣಿಸಿರಲಿಲ್ಲ.

ಮುಂದೆ ಮೂರು, ಪಕ್ಕದಲ್ಲಿ ಎರಡು ಸ್ಪೀಕರ್, ಜೊತೆಗೆ ಮಂದ್ರ ಸ್ವರಗಳಿಗೆಂದೇ ಒಂದು ಸಬ್‌ವೂಫರ್ ಇರುವ 5.1 ವ್ಯವಸ್ಥೆಯಲ್ಲಿ ಪಕ್ಕದ ಸ್ಪೀಕರ್‌ಗಳು ಎಲ್ಲಿರಬೇಕು ಎನ್ನುವುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 775 ಎಂಬ ಶಿಫಾರಸಿದೆ. ನೇರ ಮುಂದಿನ ದಿಕ್ಕನ್ನು ಸೊನ್ನೆ ಡಿಗ್ರಿ ಎಂದಿಟ್ಟುಕೊಂಡರೆ ಎಡ ಬಲದ ಮುಖ್ಯ ಸ್ಪೀಕರ್‌ಗಳು 30 ಡಿಗ್ರಿಯಲ್ಲಿ, ಸುತ್ತುಧ್ವನಿಯವು, ಅಂದರೆ ಪಕ್ಕದವು, 100ರಿಂದ 120 ಡಿಗ್ರಿಯಲ್ಲಿ. ಅಂದರೆ ಕಿವಿಯ ನೇರಕ್ಕಿಂತ ಸ್ವಲ್ಪ ಹಿಂದೆ, ಬೆನ್ನ ಹಿಂದೆಯಲ್ಲ. ಹಿಂದಿನ ಮೂಲೆಗಳಲ್ಲಿ ನೇತುಹಾಕುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಲ್ಲಿಂದ ಬರುವ ಸದ್ದು ಮುಂದಿನ ಸದ್ದಿಗೆ ಬೆಸೆದುಕೊಳ್ಳುವುದಿಲ್ಲ. ನಡುವೆ ದೊಡ್ಡ ಖಾಲಿ ಉಳಿದುಬಿಡುತ್ತದೆ.

ಈಗ ಲೆಕ್ಕ. ಸೋಫಾ ಮೊದಲು ಇದ್ದ ಜಾಗದಲ್ಲಿ ಕೂತರೆ ಕಿವಿ ಮುಂಗೋಡೆಯಿಂದ ಹತ್ತೂವರೆ ಅಡಿ, ಹಿಂಗೋಡೆಯಿಂದ ನಾಲ್ಕೂವರೆ ಅಡಿ ದೂರದಲ್ಲಿ ಬರುತ್ತಿತ್ತು. ನಡುವೆ ಕೂತವರಿಗೆ ಪಕ್ಕದ ಗೋಡೆ ಐದೂವರೆ ಅಡಿ. 110 ಡಿಗ್ರಿಗೆ ಗೋಡೆಯ ಮೇಲೆ ಸರಿಯಾಗಿ ಎರಡು ಅಡಿ ಹಿಂದೆ ಗುರುತು ಬೀಳುತ್ತದೆ. ಬಲಗೋಡೆಯಲ್ಲಿ ಆ ಗುರುತು ಬಿದ್ದದ್ದು ಬಾಗಿಲ ನಟ್ಟನಡುವೆ.

“ಬಾಗಿಲ ಮೇಲೆ ಬೇಕಾದಷ್ಟು ಜಾಗವಿದೆಯಲ್ಲ, ಅಲ್ಲೇ ಹಾಕು” ಎಂದ ಅಣ್ಣ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಬಾಗಿಲು ಏಳಡಿ, ಅದರ ಮೇಲೆ ಲಿಂಟಲ್. ಸ್ಪೀಕರ್ ಎಂಟು ಅಡಿಗೆ ಹೋಗುತ್ತದೆ. ಕೂತವರ ಕಿವಿ ನೆಲದಿಂದ ಸುಮಾರು ಮೂರು ಅಡಿ ನಾಲ್ಕು ಅಂಗುಲದಲ್ಲಿರುತ್ತದೆ. ಅಲ್ಲಿಂದ ನೋಡಿದರೆ ಸ್ಪೀಕರ್ ಸುಮಾರು 39 ಡಿಗ್ರಿ ಮೇಲೆ. ಡಾಲ್ಬಿ ಅಟ್ಮಾಸ್‌ನಲ್ಲಿ ತಲೆಯ ಮೇಲಿನ ಸದ್ದಿಗೆ ಹಾಕುವ ಸ್ಪೀಕರ್‌ಗಳು 45 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಪಕ್ಕದಲ್ಲಿ ಹಾದುಹೋಗಬೇಕಾದ ಬಸ್ಸು ಅಟ್ಟದ ಮೇಲೆ ಓಡಿದಂತೆ ಕೇಳಿಸಿದರೆ ಇಷ್ಟೆಲ್ಲ ಮಾಡಿ ಏನು ಬಂತು? ಅದೂ ಅಲ್ಲದೆ ಎಡಗಡೆಯದನ್ನು ಐದೂವರೆ ಅಡಿಗೆ, ಬಲಗಡೆಯದನ್ನು ಎಂಟಕ್ಕೆ ಹಾಕಿದರೆ ಜೋಡಿ ಎನ್ನುವ ಮಾತೇ ಹೋಯಿತು.

ದಾರಿ ತೋರಿಸಿದ್ದು ಸೋಫಾ. ಅದನ್ನು ಒಂದಡಿ ಮುಂದಕ್ಕೆ ಎಳೆದೆವು. ಕಿವಿ ಈಗ ಮುಂಗೋಡೆಯಿಂದ ಒಂಬತ್ತೂವರೆ ಅಡಿಗೆ ಬಂತು. ಬಾಗಿಲ ಚೌಕಟ್ಟು ಮುಗಿದು ಏಳು ಅಂಗುಲ ಬಿಟ್ಟರೆ ಸಿಗುವ ಗೋಡೆಯ ಜಾಗ, ಮೊದಲು ಕಿವಿಯ ನೇರಕ್ಕಿದ್ದದ್ದು, ಈಗ ಸುಮಾರು ಹನ್ನೊಂದು ಅಂಗುಲ ಹಿಂದಾಯಿತು. ಕೋನ ಲೆಕ್ಕ ಹಾಕಿದರೆ 99 ಡಿಗ್ರಿ. ಶಿಫಾರಸಿನ ಅಂಚಿಗೆ ಬಂದು ನಿಂತಂತಾಯಿತು. ಇನ್ನೊಂದು ಲಾಭವೂ ಸಿಕ್ಕಿತು: ಸ್ಪೀಕರ್‌ಗಳಿಗೆಲ್ಲ ಸದ್ದು ಕಳಿಸುವ ರಿಸೀವರ್‌ನಿಂದ ಬರುವ ತಂತಿ ಬಾಗಿಲನ್ನು ದಾಟಬೇಕಾಗಿಲ್ಲ, ಸ್ಪೀಕರ್ ಬಾಗಿಲಿಗಿಂತ ಮುಂಚೆಯೇ ಸಿಗುತ್ತದೆ. ಮಂದ್ರ ಸ್ವರಗಳ ದೃಷ್ಟಿಯಿಂದಲೂ ಈ ಜಾಗ ಒಳ್ಳೆಯದು. 15 ಅಡಿಯ ಕೋಣೆಯಲ್ಲಿ ಉದ್ದಕ್ಕೆ ಏಳುವ ಮೊದಲ ಅನುರಣನೆ 38 ಹರ್ಟ್ಸ್‌ನ ಹತ್ತಿರ. ಕೋಣೆಯ ಸರಿಯಾದ ಅರ್ಧದಲ್ಲಿ, ಅಂದರೆ ಏಳೂವರೆ ಅಡಿಯಲ್ಲಿ ಕೂತರೆ ಆ ಸ್ವರ ಬಹುತೇಕ ಮಾಯವಾಗುತ್ತದೆ. ಗೋಡೆಗೆ ಬೆನ್ನು ತಾಗಿಸಿ ಕೂತರೆ ಉಬ್ಬಿ ಗುಡುಗುತ್ತದೆ. ಕೋಣೆಯ ಉದ್ದದಲ್ಲಿ ಶೇಕಡ 38ರಷ್ಟನ್ನು ಬೆನ್ನ ಹಿಂದೆ ಬಿಟ್ಟು ನೋಡಿ ಎಂದು ಧ್ವನಿ ಕೆಲಸದವರು ಹೇಳುವುದುಂಟು. ನಮ್ಮದು 37ಕ್ಕೆ ಬಂದಿದೆ.

ಜಾಗ ನಿಶ್ಚಯವಾದ ಮೇಲೆ ಬಗೆಯ ಪ್ರಶ್ನೆ. ಪಕ್ಕದ ಸ್ಪೀಕರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದೇ ದಿಕ್ಕಿಗೆ ನೇರವಾಗಿ ಸದ್ದು ಬಿಡುವ ಸಾಮಾನ್ಯ ಬುಕ್‌ಶೆಲ್ಫ್ ಮಾದರಿ. ಹಿಂದೆ ಮುಂದೆ ಎರಡು ಕಡೆಗೂ ಒಟ್ಟಿಗೆ ಒತ್ತುವ ಬೈಪೋಲ್. ಒಂದು ಕಡೆ ಒತ್ತುವಾಗ ಇನ್ನೊಂದು ಕಡೆ ಸೆಳೆಯುವ ಡೈಪೋಲ್. ಡೈಪೋಲ್‌ನ ಸರಿಯಾದ ಪಕ್ಕಕ್ಕೆ, 90 ಡಿಗ್ರಿಗೆ ಕೂತರೆ ಎರಡು ಕಡೆಯ ಸದ್ದೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಗೋಡೆಗಳಿಗೆ ಬಡಿದು ಬಂದದ್ದಷ್ಟೇ ಕಿವಿಗೆ ಬೀಳುತ್ತದೆ. ಸದ್ದು ಎಲ್ಲಿಂದ ಬಂತೆಂದು ಬೆರಳು ತೋರಿಸಲಾಗದು.

ಇದು ಹುಟ್ಟಿದ್ದಕ್ಕೆ ಕಾರಣವಿತ್ತು. ಚಿತ್ರಮಂದಿರದಲ್ಲಿ ಎರಡೂ ಪಕ್ಕದ ಗೋಡೆಗಳ ಉದ್ದಕ್ಕೂ ಸಾಲಾಗಿ ಸ್ಪೀಕರ್‌ಗಳಿರುತ್ತವೆ, ಹಾಗಾಗಿ ಯಾವುದೊಂದೂ ಎದ್ದು ಕೇಳಿಸುವುದಿಲ್ಲ. ಮನೆಯಲ್ಲಿ ಎರಡೇ ಪೆಟ್ಟಿಗೆಗಳಿಂದ ಆ ಹರಡುವಿಕೆಯನ್ನು ತರಬೇಕಿತ್ತು. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್‌ನ ಕಾಲದಲ್ಲಿ ಸುತ್ತುಧ್ವನಿ ಎಂದರೆ ಒಂದೇ ಚಾನೆಲ್. ಎಡಕ್ಕೂ ಬಲಕ್ಕೂ ಅದೇ ಸದ್ದು, ಅದೂ 7 ಕಿಲೋಹರ್ಟ್ಸ್‌ವರೆಗೆ ಮಾತ್ರ. ಅಂಥದ್ದನ್ನು ಮಸುಕುಗೊಳಿಸಿ ಹರಡುವುದೇ ಜಾಣತನವಾಗಿತ್ತು. 1992ರಲ್ಲಿ ಚಿತ್ರಮಂದಿರಗಳಿಗೆ ಬಂದು ಮುಂದೆ ಡಿವಿಡಿಯ ಮೂಲಕ ಮನೆಮನೆಗೆ ಇಳಿದ ಡಾಲ್ಬಿ ಡಿಜಿಟಲ್‌ನಲ್ಲಿ ಎಡ ಬಲ ಬೇರೆ ಬೇರೆ, ಎರಡೂ ಪೂರ್ಣ ಶ್ರುತಿಯ ಚಾನೆಲ್‌ಗಳು. ಧ್ವನಿ ಸಂಯೋಜಕರು ಒಂದು ಹಕ್ಕಿಯ ಕೂಗನ್ನು ಎಡ ಹಿಂಭಾಗದಲ್ಲಿ ಇಟ್ಟಿದ್ದರೆ ಅದು ಅಲ್ಲೇ ಕೇಳಬೇಕು. ಹೀಗಾಗಿ ಹರಡುವ ಸ್ಪೀಕರ್‌ಗಳ ಮೂಲ ಅಗತ್ಯ ಈಗ ಬಹಳಮಟ್ಟಿಗೆ ತಗ್ಗಿದೆ.

ಆದರೂ ನಾನು ಅವುಗಳನ್ನು ಒಂದೇ ಮಾತಿಗೆ ತಳ್ಳಿಹಾಕಲಿಲ್ಲ. 11 ಅಡಿ ಅಗಲದ ಕೋಣೆಯಲ್ಲಿ ಸೋಫಾದ ಅಂಚಿನಲ್ಲಿ ಕೂತವರ ಪಾಡು ಯೋಚಿಸಬೇಕಾದದ್ದೇ. ಬಲ ಅಂಚಿನಲ್ಲಿ ಕೂತರೆ ಬಲ ಸ್ಪೀಕರ್ ಎರಡೂವರೆ ಅಡಿ, ಎಡದ್ದು ಏಳು ಅಡಿ. ದೂರ ಇಮ್ಮಡಿಯಾದರೆ ಬಯಲಿನಲ್ಲಿ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಇಲ್ಲಿ ಎರಡು ಬದಿಗೂ 8 ಡೆಸಿಬೆಲ್‌ಗಿಂತ ಹೆಚ್ಚು ಅಂತರ. ಕೋಣೆಯೊಳಗೆ ಪ್ರತಿಫಲನಗಳಿಂದ ಅಷ್ಟಾಗದಿದ್ದರೂ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಆ ಬಲ ಅಂಚು ನಮ್ಮ ಅಮ್ಮನ ಜಾಗ. ಬಾಗಿಲಿಗೆ ಹತ್ತಿರ, ಎದ್ದು ಓಡಾಡಲು ಸಲೀಸು. ಅವರನ್ನು ಅಲ್ಲಿಂದ ಎಬ್ಬಿಸುವ ಪ್ರಶ್ನೆಯೇ ಇರಲಿಲ್ಲ.

ಬೈಪೋಲ್, ಡೈಪೋಲ್ ಎರಡನ್ನೂ ಕೊನೆಗೆ ಕೈಬಿಟ್ಟದ್ದು ಬಾಗಿಲಿನ ಕಾರಣಕ್ಕೆ. ಇವು ಕೆಲಸ ಮಾಡಬೇಕಾದರೆ ಸ್ಪೀಕರ್‌ನ ಎರಡೂ ಬದಿಯಲ್ಲಿ ಸದ್ದನ್ನು ಹಿಂದಿರುಗಿಸುವ ಗೋಡೆ ಬೇಕು. ನಮ್ಮ ಬಲ ಸ್ಪೀಕರ್‌ನ ಹಿಂಬದಿಗೆ ಏಳೇ ಅಂಗುಲದಲ್ಲಿ ಬಾಗಿಲು. ಅದು ತೆರೆದಿದ್ದರೆ ಅರ್ಧ ಸದ್ದು ಮೆಟ್ಟಿಲ ಕಡೆಗೆ ಹೋಗುತ್ತದೆ, ಮುಚ್ಚಿದರೆ ಬೇರೆ ರೀತಿ ಕೇಳುತ್ತದೆ. ಎಡಗಡೆ ಪೂರ್ತಿ ಗೋಡೆ, ಆಚೆಗೆ ಪರದೆ. ಎರಡೂ ಬದಿ ಎಂದೂ ಒಂದೇ ಸಮ ಆಗುವುದಿಲ್ಲ. ಜೊತೆಗೆ ಡೈಪೋಲ್‌ಗೆ ಬೇಕಾದ ಸರಿಯಾದ 90 ಡಿಗ್ರಿ ನಮ್ಮಲ್ಲಿಲ್ಲ. ಉದ್ದದ ಆಯತದ ಕೋಣೆ, ಎರಡೂ ಪಕ್ಕ ಖಾಲಿ ಗೋಡೆ, ಎರಡು ಸಾಲು ಆಸನ ಇದ್ದವರು ಬೈಪೋಲ್ ಕೇಳಿ ನೋಡುವುದು ಖಂಡಿತ ಒಳ್ಳೆಯದು.

ಹಾಗಾದರೆ ನೇರ ಮಾದರಿಯನ್ನೇ ಅಮ್ಮನ ಕಿವಿಗೆ ಚುಚ್ಚದ ಹಾಗೆ ಕೂರಿಸಬೇಕು. ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಎತ್ತರ: ಕಿವಿಗಿಂತ ಎರಡಡಿ ಮೇಲಕ್ಕೆ ಹಾಕಿದರೆ ಹತ್ತಿರದವರಿಗೆ ದೂರ ಹೆಚ್ಚುತ್ತದೆ, ದೂರದವರಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಐದೂವರೆ ಅಡಿ ಎತ್ತರಕ್ಕೆ ಲೆಕ್ಕ ಹಾಕಿದಾಗ ಆ ಎಂಟು ಡೆಸಿಬೆಲ್‌ನ ಅಂತರ ಆರೂವರೆಯ ಹತ್ತಿರಕ್ಕೆ ಇಳಿಯಿತು. ಎರಡನೆಯದು ಮುಖ ತಿರುಗಿಸುವುದು: ಬಲ ಸ್ಪೀಕರ್ ಎಡ ಅಂಚಿನವರನ್ನು ನೋಡಬೇಕು, ಎಡದ್ದು ಬಲ ಅಂಚಿನವರನ್ನು. ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರ್‌ನ ಸದ್ದು ನೇರ ಎದುರಿಗೆ ಹೆಚ್ಚು, ಬದಿಗೆ ಸರಿದಂತೆ ಕಡಿಮೆ. ಹತ್ತಿರ ಕೂತವರು ಆ ನೇರದಿಂದ ಕೆಳಗೆ ತಪ್ಪಿಸಿಕೊಳ್ಳುತ್ತಾರೆ, ದೂರದವರಿಗೆ ಪೂರ್ತಿ ಸಿಗುತ್ತದೆ.

ಕಾಗದದ ಮೇಲಿನ ಲೆಕ್ಕವನ್ನು ನಂಬಿ ಗೋಡೆ ಕೊರೆಯುವುದು ನನಗೆ ಇಷ್ಟವಿಲ್ಲ. ಮನೆಯಲ್ಲಿ ಹಳೆಯ ಸೆಟ್ಟೊಂದರ ಪುಟ್ಟ ಸ್ಪೀಕರ್‌ಗಳಿದ್ದವು. ಅವನ್ನು ಎರಡು ಏಣಿಗಳ ಮೆಟ್ಟಿಲಿಗೆ ಟೇಪಿನಲ್ಲಿ ಕಟ್ಟಿ, ಮಳೆ ಸುರಿಯುವ ದೃಶ್ಯವೊಂದನ್ನು ಹಾಕಿ ಅಮ್ಮನನ್ನು ಅವರ ಜಾಗದಲ್ಲಿ ಕೂರಿಸಿದೆ. ಕಿವಿಯ ಮಟ್ಟದಲ್ಲಿ ನೇರವಾಗಿ ಇಟ್ಟಾಗ, “ಮಳೆಯೆಲ್ಲ ಈ ಕಿವಿಯೊಳಗೇ ಬೀಳುತ್ತಿದೆಯಲ್ಲೋ” ಎಂದರು. ಎರಡು ಮೆಟ್ಟಿಲು ಮೇಲೇರಿಸಿ ಮುಖವನ್ನು ಆಚೆ ಅಂಚಿಗೆ ಬಗ್ಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಹೊರಗೆ ಬರುತ್ತಿದೆ” ಎಂದರು. ಆ ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿದೆ.

ಇಷ್ಟಾದ ಮೇಲೆಯೇ ಸ್ಪೀಕರ್ ಕೊಳ್ಳಲು ಹೊರಟದ್ದು. ಮಂಡಿಪೇಟೆಯ ಕಡೆ ಸಿಕ್ಕಿದ್ದು ಹೆಚ್ಚಾಗಿ ಪೆಟ್ಟಿಗೆ ಸೆಟ್‌ಗಳು. ಬಿಡಿ ಜೋಡಿ ಬೇಕೆಂದರೆ ಬೆಂಗಳೂರಿಗೇ ಹೋಗಬೇಕಾಯಿತು. ಪೆಟ್ಟಿಗೆ ಸೆಟ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವುಗಳ ಪಕ್ಕದ ಸ್ಪೀಕರ್‌ನಲ್ಲಿ ಸಾಮಾನ್ಯವಾಗಿ ಮೂರಂಗುಲದ ಒಂದೇ ಕೋನ್ ಇರುತ್ತದೆ. ಅದು 150–200 ಹರ್ಟ್ಸ್‌ಗಿಂತ ಕೆಳಗೆ ಕೈಚೆಲ್ಲುತ್ತದೆ. ಆ ಕೆಲಸವೆಲ್ಲ ಸಬ್‌ವೂಫರ್ ಮೇಲೆ ಬೀಳುತ್ತದೆ. ಅಷ್ಟು ಮೇಲಿನ ಸ್ವರಗಳು ಎಲ್ಲಿಂದ ಬರುತ್ತಿವೆ ಎಂದು ಕಿವಿಗೆ ಪತ್ತೆಯಾಗುತ್ತದೆ, ಹಾಗಾಗಿ ಬೆನ್ನ ಹಿಂದಿನ ಗಂಡಸಿನ ದನಿಯ ಅರ್ಧ ಟಿವಿಯ ಕೆಳಗಿನಿಂದ ಕೇಳುತ್ತದೆ. ಪಕ್ಕದ ಸ್ಪೀಕರ್ 80 ಹರ್ಟ್ಸ್‌ವರೆಗೆ ತಾನೇ ನಿಭಾಯಿಸಬೇಕು. ಅದಕ್ಕೆ ಕೆಳಗಿನ ಸ್ವರಗಳಿಗೆ ಕನಿಷ್ಠ ನಾಲ್ಕು ಅಂಗುಲದ ವೂಫರ್ ಮತ್ತು ಪ್ರತ್ಯೇಕ ಟ್ವೀಟರ್ ಇರಲಿ. ಇಲ್ಲಿ ಉಳಿತಾಯಕ್ಕೆ ಹೋಗಬೇಡಿ.

ನಾನು ಇನ್ನೂ ಒಂದೆರಡು ಸಂಗತಿ ನೋಡಿಕೊಂಡೆ. ಗೋಡೆಗೆ ಅಂಟಿಕೊಂಡಂತೆ ಕೂರಿಸುವುದರಿಂದ ಗಾಳಿಯ ರಂಧ್ರ ಹಿಂದುಗಡೆ ಇರಬಾರದು. ಮುಂದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿದ ಪೆಟ್ಟಿಗೆಯಾಗಿರಬೇಕು. ಮುಂದಿನ ಸ್ಪೀಕರ್‌ಗಳ ತಯಾರಕರದೇ, ಅದೇ ಸರಣಿಯದೇ ಆದರೆ ದನಿಯ ಬಣ್ಣ ಹೊಂದುತ್ತದೆ; ಮುಂದಿನಿಂದ ಪಕ್ಕಕ್ಕೆ ಓಡುವ ಸದ್ದು ದಾರಿಯಲ್ಲಿ ಬದಲಾಗುವುದಿಲ್ಲ. ಆದರೆ ಮುಂದಿನ ಮೂರರ ನಡುವೆ ಬೇಕಾದಷ್ಟು ಕಟ್ಟುನಿಟ್ಟು ಇಲ್ಲಿ ಬೇಡ, ಏಕೆಂದರೆ ಪಕ್ಕದಿಂದ ಬರುವ ಸದ್ದಿಗೆ ನಮ್ಮ ಹೊರಕಿವಿಯೇ ಬೇರೆ ಬಣ್ಣ ಕೊಡುತ್ತದೆ. ಸೆನ್ಸಿಟಿವಿಟಿ 85 ಡೆಸಿಬೆಲ್ ಎಂದಿದ್ದ ಜೋಡಿಯನ್ನು ತೆಗೆದುಕೊಂಡೆ. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು. ನಮ್ಮ ಆಸನಕ್ಕೆ 81 ಬರುತ್ತದೆ, 32 ವಾಟ್ ಕೊಟ್ಟರೆ 96. ಇಷ್ಟು ಚಿಕ್ಕ ಕೋಣೆಗೆ ಅದು ಧಾರಾಳ. ತಲಾ ನಾಲ್ಕು ಕಿಲೋ ಒಳಗಿನ ತೂಕ, ಹನ್ನೊಂದು ಅಂಗುಲ ಎತ್ತರ.

ಮಾರುಕಟ್ಟೆಯಲ್ಲಿ ಸಿಗುವ ಕಬ್ಬಿಣದ ಬ್ರಾಕೆಟ್‌ಗಳು ಸ್ಪೀಕರ್ ಅನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚುತ್ತವೆ. ಬಾಗಿಲಿಂದ ಒಳಗೆ ಬರುವವರ ಭುಜದ ಎತ್ತರದಲ್ಲಿ ಅದು ಅಪಾಯ. ಹಾಗಾಗಿ ಬೆಣೆಯಾಕಾರದ ಮರದ ಪೆಟ್ಟಿಗೆ ಮಾಡಿಸಿದೆ. ಕ್ಯಾತಸಂದ್ರದ ಬಡಗಿಯೊಬ್ಬರು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿಕೊಟ್ಟರು. ಮೇಲ್ತುದಿ ಗೋಡೆಯಿಂದ ಮೂರಂಗುಲ ಮುಂದೆ, ಕೆಳತುದಿ ಗೋಡೆಗೇ ತಾಗಿ. ಹನ್ನೊಂದು ಅಂಗುಲಕ್ಕೆ ಮೂರಂಗುಲ ಎಂದರೆ 15 ಡಿಗ್ರಿ ಬಾಗು. ಚಿತ್ರ ನೋಡಿ ಅವರು, “ಸಾರ್, ಇದು ಮುಂದಕ್ಕೆ ಬೀಳುವ ಹಾಗೆ ಕಾಣುತ್ತದೆ, ನೇರ ಮಾಡಿಕೊಡಲೇ?” ಎಂದರು. ಹಳೆಯ ಮನೆಗಳ ಪಡಸಾಲೆಯಲ್ಲಿ ಹಿರಿಯರ ಫೋಟೋಗಳನ್ನು ನೋಡುವವರ ಕಡೆಗೆ ಬಾಗಿಸಿ ನೇತುಹಾಕುತ್ತಾರಲ್ಲ, ಹಾಗೆಯೇ ಇರಲಿ ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು. ಸೋಫಾದ ಕಡೆಗೆ ಏಳು ಡಿಗ್ರಿಯಷ್ಟು ಹೊರಳುವಂತೆ ಒಂದು ಬದಿಗೆ ತೆಳು ಪಟ್ಟಿಯನ್ನೂ ಅವರೇ ಸೇರಿಸಿದರು, ಎಡಕ್ಕೂ ಬಲಕ್ಕೂ ಕನ್ನಡಿಯಲ್ಲಿ ತಿರುಗಿದಂತೆ. ಈ ಬಾಗಿನಲ್ಲಿ ಅಮ್ಮನ ಕಿವಿ ಸ್ಪೀಕರ್‌ನ ನೇರದಿಂದ ಸುಮಾರು 25 ಡಿಗ್ರಿ ಕೆಳಗೆ ಬೀಳುತ್ತದೆ. ಸ್ಪೀಕರ್ ಮತ್ತು ಮರದ ನಡುವೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿದೆ, ಮರ ಗುಂಯ್ಗುಡದಿರಲೆಂದು.

ಗೋಡೆ ಕೊರೆಯುವಾಗ ಬಾಗಿಲ ಪಕ್ಕ ಬಹಳ ಎಚ್ಚರಿಕೆ ಬೇಕು. ನಮ್ಮಲ್ಲಿ ಸ್ವಿಚ್‌ಬೋರ್ಡ್ ಇರುವುದೇ ಬಾಗಿಲ ಪಕ್ಕ. ಅದರ ಪೈಪು ಗೋಡೆಯೊಳಗೆ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ, ಅಂದರೆ ಸ್ಪೀಕರ್ ಬರುವ ಜಾಗದಲ್ಲಿಯೇ. ಎಂಸಿಬಿ ಇಳಿಸಿ, ಬೋರ್ಡಿನ ಮುಚ್ಚಳ ಬಿಚ್ಚಿ ಪೈಪು ಯಾವ ಮೂಲೆಯಿಂದ ಏರುತ್ತದೆ ಎಂದು ನೋಡಿ, ರಸಮಟ್ಟ ಹಿಡಿದು ಆ ಗೆರೆಯನ್ನು ಗೋಡೆಯ ಮೇಲೆ ಎಳೆದೆ. ಗೆರೆಯ ಎರಡು ಬದಿಗೂ ಎರಡೆರಡು ಅಂಗುಲ ಬಿಟ್ಟು ತೂತಿನ ಗುರುತು. ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಹೋಲ್ಡ್‌ಫಾಸ್ಟ್‌ಗಳೂ ಅಲ್ಲೇ ಇರುತ್ತವೆ, ಹಾಗಾಗಿ ಚೌಕಟ್ಟಿನಿಂದ ನಾಲ್ಕಂಗುಲದೊಳಗೆ ಕೊರೆಯಲಿಲ್ಲ. ಡ್ರಿಲ್‌ಗೆ ವಿದ್ಯುತ್ತನ್ನು ಕೆಳಮನೆಯಿಂದ ಎಕ್ಸ್‌ಟೆನ್ಷನ್ ಎಳೆದು ಕೊಟ್ಟೆ. ಬಿಟ್ ಮೊದಲು ಬಿಳಿ ಪುಡಿ ಉದುರಿಸುತ್ತದೆ, ಅದು ಗಾರೆ. ಆಮೇಲೆ ಕೆಂಪು ಪುಡಿ ಬರುತ್ತದೆ, ಅದು ಇಟ್ಟಿಗೆ. ಕೆಂಪು ಪುಡಿ ಕಂಡ ಮೇಲೆ ಒಂದೂವರೆ ಅಂಗುಲವಾದರೂ ಒಳಗೆ ಹೋಗಿ, ಪ್ಲಾಸ್ಟಿಕ್ ಪ್ಲಗ್ ಪೂರ್ತಿ ಇಟ್ಟಿಗೆಯಲ್ಲೇ ಕೂರುವಂತೆ ಮಾಡಬೇಕು. ಗಾರೆಯಲ್ಲಿ ನಿಂತ ಪ್ಲಗ್ ನಾಲ್ಕು ಕಿಲೋ ತೂಕವನ್ನು ಹೆಚ್ಚು ಕಾಲ ಹೊರುವುದಿಲ್ಲ.

ತಂತಿಗೆ ದುಬಾರಿ ಹೆಸರಿನದು ಬೇಕಿಲ್ಲ. 1.5 ಚದರ ಮಿಲಿಮೀಟರ್‌ನ ಎರಡೆಳೆ ತಾಮ್ರದ ತಂತಿ ಸಾಕು. ನಮ್ಮ ಉದ್ದದ ಎಳೆತ 25 ಅಡಿ. ಹೋಗಿ ಬರುವ ಎರಡೂ ಎಳೆ ಸೇರಿ ತಡೆ ಸುಮಾರು 0.2 ಓಮ್. 8 ಓಮ್ ಸ್ಪೀಕರ್‌ಗೆ ಇದು ಶೇಕಡ ಮೂರನ್ನೂ ಮುಟ್ಟುವುದಿಲ್ಲ. ನೋಡಬೇಕಾದದ್ದು ಅದು ನಿಜವಾದ ತಾಮ್ರವೇ ಎನ್ನುವುದನ್ನು. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ, ಅದನ್ನು ಅಲ್ಲೇ ಬಿಟ್ಟು ಬನ್ನಿ. ತಂತಿಯನ್ನು ಪಿವಿಸಿ ಕೇಸಿಂಗ್ ಪಟ್ಟಿಯೊಳಗೆ ಗೋಡೆಯ ಬುಡದಲ್ಲಿ ತಂದೆ. ಕರೆಂಟಿನ ಪೈಪಿನೊಳಗೆ ಸ್ಪೀಕರ್ ತಂತಿಯನ್ನು ಎಂದಿಗೂ ತೂರಿಸಬಾರದು.

ಜೋಡಿಸಿದ ಮೇಲೆ ಧನ ಋಣ ಸರಿಯಿದೆಯೇ ಎಂದು ನೋಡಲು ರಿಸೀವರ್ ಕಡೆಯ ತುದಿಗೆ ಪೆನ್ಸಿಲ್ ಸೆಲ್ಲೊಂದನ್ನು ಕ್ಷಣಮಾತ್ರ ತಾಗಿಸಿದೆ. ಸೆಲ್ಲಿನ ಧನ ತುದಿ ಕೆಂಪು ಎಳೆಗೆ ತಾಗಿದಾಗ ವೂಫರ್ ‘ಟಪ್’ ಎಂದು ಹೊರಕ್ಕೆ ಉಬ್ಬಬೇಕು. ಎರಡೂ ಉಬ್ಬಿದವು. ಒಂದು ಒಳಕ್ಕೆ ಹೋದರೆ ಮಳೆ, ಗಾಳಿ, ಜನಜಂಗುಳಿಯ ಸದ್ದೆಲ್ಲ ಟೊಳ್ಳಾಗುತ್ತದೆ.

ರಿಸೀವರ್‌ನ ಮೈಕನ್ನು ಸ್ಟ್ಯಾಂಡಿಗೆ ಹಾಕಿ ನಡು ಆಸನದ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ ಅಳತೆ ತೆಗೆದೆ. ಅದು ಹೇಳಿದ ದೂರಗಳು ಟೇಪಿನ ಅಳತೆಗೆ ಹೊಂದಿದವು. ಪಕ್ಕದ ಸ್ಪೀಕರ್‌ಗಳಿಗೆ 60 ಹರ್ಟ್ಸ್ ಕ್ರಾಸ್‌ಓವರ್ ಸೂಚಿಸಿತು, ಅಂದರೆ ಅದಕ್ಕಿಂತ ಕೆಳಗಿನ ಸ್ವರಗಳನ್ನು ಸಬ್‌ವೂಫರ್‌ಗೆ ಬಿಡುವ ಗಡಿ. ಅದನ್ನು 80ಕ್ಕೆ ಏರಿಸಿದೆ. ನಾಲ್ಕಂಗುಲದ ಕೋನ್‌ಗೆ ಅಷ್ಟು ಉಸಿರಾಟದ ಜಾಗ ಬೇಕು.

ಚಪ್ಪಾಳೆ ತಟ್ಟಿದರೆ ಎರಡು ಪಕ್ಕದ ಗೋಡೆಗಳ ನಡುವೆ ‘ಟ್ರರ್’ ಎಂಬ ಪ್ರತಿಧ್ವನಿ ಉಳಿದಿತ್ತು. ತೆಂಗಿನ ಸೀಮೆಯಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ರಬ್ಬರ್ ಹಾಕಿ ಒತ್ತಿದ ತೆಂಗಿನ ನಾರಿನ ಹಾಸಿಗೆ ಎರಡಂಗುಲ ದಪ್ಪದ್ದು ಒಂದಿತ್ತು. ಅದನ್ನು ಚೌಕಟ್ಟಿಗೆ ಕತ್ತರಿಸಿ, ಖಾದಿ ಬಟ್ಟೆ ಹೊದಿಸಿ, ಗೋಡೆಯಿಂದ ಎರಡಂಗುಲ ಬಿಟ್ಟು ಎಡಗೋಡೆಗೂ ಹಿಂಗೋಡೆಗೂ ತೂಗಿಸಿದೆ. ಆ ಎರಡಂಗುಲದ ಖಾಲಿ ಜಾಗವನ್ನು ಬಿಡಲೇಬೇಕು, ಅದರಿಂದ ಇನ್ನೂ ಕೆಳಗಿನ ಸ್ವರಗಳವರೆಗೆ ನಾರು ಹೀರುತ್ತದೆ. ನೆಲಕ್ಕೆ ಜಮಖಾನೆ ಬಿತ್ತು. ಚಪ್ಪಾಳೆ ಈಗ ಚಪ್ಪಾಳೆಯಾಗಿಯೇ ನಿಲ್ಲುತ್ತದೆ.

ಕೊನೆಗೆ ಅಮ್ಮನ ಜಾಗದಲ್ಲಿ ಕೂತು ಪಕ್ಕದ ಎರಡನ್ನೂ ಒಂದೊಂದು ಡೆಸಿಬೆಲ್ ಇಳಿಸಿದೆ. ನಡುವೆ ಕೂತವರಿಗೆ ಅದರಿಂದ ಏನೂ ಕಳೆದುಹೋದಂತೆ ಅನಿಸುವುದಿಲ್ಲ, ಅಂಚಿನಲ್ಲಿರುವವರಿಗೆ ದೊಡ್ಡ ನೆಮ್ಮದಿ. ಬೆನ್ನ ಹಿಂದೆ ಇನ್ನೆರಡು ಸ್ಪೀಕರ್ ಸೇರಿಸಿ 7.1 ಮಾಡಲು ಹಿಂಗೋಡೆಯಲ್ಲಿ ಜಾಗವೇನೋ ಇದೆ, ಆದರೆ ಈ ಕೋಣೆಗೆ ಮೊದಲು ಬೇಕಾದದ್ದು ಎರಡನೆಯ ಸಬ್‌ವೂಫರ್: ಅಂಚಿನ ಆಸನಗಳಲ್ಲಿ ಮಂದ್ರ ಸ್ವರ ಇನ್ನೂ ಏರುಪೇರಾಗುತ್ತಿದೆ. ಹಿಂದಿನ ಎಡ ಮೂಲೆಯಲ್ಲಿ ಅದಕ್ಕೆ ಪ್ಲಗ್ ಪಾಯಿಂಟ್ ಹಾಕಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.